ಪೋರ್ಟ್‌ಫೋಲಿಯೋ ಇದೆ, ಕರೆ ಮಾತ್ರ ಬರುತ್ತಿಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ನಾನು ದಾವಣಗೆರೆಯಲ್ಲಿ ಕೂತು ಲೇಬಲ್, ಪ್ಯಾಕೆಟ್, ಲೋಗೋ ಡಿಸೈನ್ ಮಾಡುತ್ತೇನೆ. ಮಸಾಲೆ ಪುಡಿ, ಹಪ್ಪಳ, ಗಾಣದ ಎಣ್ಣೆ ಮಾಡುವ ಸಣ್ಣ ಉದ್ಯಮದವರೇ ನನ್ನ ಗಿರಾಕಿಗಳು. ಮಾಡಿದ ಕೆಲಸ ತೋರಿಸುವ ಪೋರ್ಟ್‌ಫೋಲಿಯೋ ಸೈಟ್ ಶುರು ಮಾಡಿದ ಮೊದಲ ನಾಲ್ಕು ತಿಂಗಳು ಒಬ್ಬರೂ ವಿಚಾರಿಸಲಿಲ್ಲ. ನನ್ನ ಕೆಲಸವೇ ಚೆನ್ನಾಗಿಲ್ಲ ಅಂದುಕೊಂಡು ಇಡೀ ಸೈಟನ್ನು ಎರಡು ಸಲ ಹೊಸದಾಗಿ ಮಾಡಿದೆ. ಬಣ್ಣ ಬದಲಾಯಿಸಿದೆ, ಫಾಂಟ್ ಬದಲಾಯಿಸಿದೆ. ಆಮೇಲೆ ಒಂದು ದಿನ ಸೈಟಿನ ಡ್ಯಾಶ್‌ಬೋರ್ಡ್‌ನಲ್ಲಿ, ಅಂದ್ರೆ ಸೈಟ್ ನಡೆಸುವವರಿಗೆ ಮಾತ್ರ ಕಾಣುವ ಒಳಗಿನ ಪುಟದಲ್ಲಿ, ಏನೋ ಹುಡುಕುವಾಗ ಹನ್ನೊಂದು ಸಂದೇಶ ಕಂಡವು. ಹನ್ನೊಂದು ಜನ ಫಾರಂ ತುಂಬಿದ್ದರು, ಒಂದೂ ನನ್ನ ಮೇಲ್‌ಗೆ ಬಂದಿರಲಿಲ್ಲ. ಅದರಲ್ಲಿ ಒಬ್ಬರು ಹಬ್ಬದೊಳಗೆ ಎಂಟು ಬಗೆ ಚಟ್ನಿಪುಡಿಗೆ ಲೇಬಲ್ ಬೇಕು ಅಂತ ಬರೆದಿದ್ದರು. ಹಬ್ಬ ಮುಗಿದು ಎರಡು ತಿಂಗಳಾಗಿತ್ತು.

ಆಮೇಲೆ ಸ್ನೇಹಿತರ ಸೈಟುಗಳನ್ನೂ ನೋಡಿಕೊಡುತ್ತಾ ಬಂದಿದ್ದೇನೆ. ಕೆಲಸ ಚೆನ್ನಾಗಿಲ್ಲದೆ ಕರೆ ಬಾರದೇ ಇರುವುದು ಕಡಿಮೆ. ಗಿರಾಕಿ ನಿಮ್ಮ ಕೆಲಸ ನೋಡಿ ನಿಮ್ಮ ಫೋನ್ ತನಕ ಬರುವ ದಾರಿಯಲ್ಲಿ ಎಲ್ಲೋ ಅಡ್ಡಿ ಇರುತ್ತದೆ. ಅದನ್ನೇ ಮೊದಲು ಹುಡುಕಿ. ಕೆಳಗೆ ಸುಲಭದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ. ಕಷ್ಟದವು ಆಮೇಲೆ.

ಎಲ್ಲಕ್ಕಿಂತ ಮೊದಲು: ಬೇರೆಯವರ ಫೋನ್, ಐದು ನಿಮಿಷ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಸೈಟ್ ಯಾವತ್ತೂ ಸರಿಯಾಗಿಯೇ ಕಾಣುತ್ತದೆ. ಚಿತ್ರಗಳು ಆಗಲೇ ಅದರಲ್ಲಿ ಉಳಿದಿರುತ್ತವೆ, ನೀವು ಲಾಗಿನ್ ಆಗಿರುತ್ತೀರಿ. ಅದಕ್ಕೇ ಅಕ್ಕನದೋ ಪಕ್ಕದ ಅಂಗಡಿಯವರದೋ ಫೋನ್ ಕೇಳಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಲಿಂಕ್ ತೆರೆದು ಅವರ ಕೈಗೇ ಕೊಡಿ. ನೀವು ಬಾಯಿ ಬಿಡಬೇಡಿ. ಸ್ವಲ್ಪ ಹೊತ್ತಾದ ಮೇಲೆ ಮೂರು ಪ್ರಶ್ನೆ ಕೇಳಿ. ಇವರು ಏನು ಕೆಲಸ ಮಾಡ್ತಾರೆ? ಯಾರಿಗೆ ಮಾಡಿಕೊಡ್ತಾರೆ? ಇವರಿಗೆ ಕೆಲಸ ಕೊಡಬೇಕು ಅಂದ್ರೆ ಏನು ಮಾಡಬೇಕು?

ಅವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ನಿಮ್ಮ ತೊಂದರೆ ಇದೆ. ಅದಕ್ಕೆ ಹೊಂದುವ ಭಾಗಕ್ಕೆ ನೇರ ಹೋಗಿ.

"ನಿಮ್ಮ ಲಿಂಕ್ ಓಪನ್ ಆಗ್ತಿಲ್ಲ"

ಅನುಮತಿ ಕೇಳುವ ಪುಟ ಬಂದರೆ, ನೀವು ಗೂಗಲ್ ಡ್ರೈವ್ ಲಿಂಕ್ ಕಳಿಸಿದ್ದೀರಿ, ಹಂಚಿಕೆ ಮಾತ್ರ ತೆರೆದಿಲ್ಲ ಅಂತ ಅರ್ಥ. ಗಿರಾಕಿ ಅನುಮತಿ ಕೇಳಿ ಕಾಯುವುದಿಲ್ಲ, ಮುಂದಿನವರ ಲಿಂಕ್ ಒತ್ತುತ್ತಾರೆ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಅನ್ನುವ ಆಯ್ಕೆ ಕೊಡಿ. ನೋಡಲು ಮಾತ್ರ, ತಿದ್ದಲು ಅಲ್ಲ. ಒಂದು ಎಚ್ಚರ: ಬಿಲ್, ಕೊಟೇಶನ್ ಎಲ್ಲ ಇರುವ ಫೋಲ್ಡರನ್ನೇ ಹಂಚಬೇಡಿ. ತೋರಿಸುವ ಕೆಲಸಕ್ಕೆ ಬೇರೆ ಫೋಲ್ಡರ್ ಮಾಡಿ.

ಸೈಟ್ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ ಬಂದರೆ ಎಸ್‌ಎಸ್‌ಎಲ್ ಪ್ರಮಾಣಪತ್ರ (ಸೈಟಿಗೂ ನೋಡುವವರಿಗೂ ನಡುವಿನ ಸಂಪರ್ಕ ಸುರಕ್ಷಿತ ಮಾಡುವುದು) ಇಲ್ಲ, ಇಲ್ಲವೇ ಅವಧಿ ಮುಗಿದಿದೆ. ಎಚ್‌ಟಿಟಿಪಿಎಸ್ (ಆ ಸುರಕ್ಷಿತ ಸಂಪರ್ಕ) ಇಲ್ಲದ ಸೈಟುಗಳಿಗೆಲ್ಲ ಕ್ರೋಮ್ 2018ರ ಜುಲೈನಿಂದ ಹೀಗೆ ಬರೆಯುತ್ತದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯ ಪ್ರಮಾಣಪತ್ರ ಉಚಿತ. ಅದರ ಮಾಮೂಲಿ ಅವಧಿ 90 ದಿನ, ತಾನಾಗಿಯೇ ನವೀಕರಣ ಆಗಬೇಕು. ಆಗದೇ ಇದ್ದರೆ ಹೋಸ್ಟಿಂಗ್ (ಸೈಟಿಗೆ ಜಾಗ ಕೊಟ್ಟ ಕಂಪನಿ) ಪ್ಯಾನೆಲ್‌ನಲ್ಲಿ ಎಸ್‌ಎಸ್‌ಎಲ್ ಭಾಗ ನೋಡಿ, ಇಲ್ಲವೇ ಹೋಸ್ಟಿಂಗ್‌ನವರಿಗೆ ಒಂದು ಮೇಲ್ ಹಾಕಿ.

ನಿಮ್ಮ ಸೈಟಿನ ಜಾಗದಲ್ಲಿ ಬರೀ ಜಾಹೀರಾತು ಕಂಡರೆ ಡೊಮೇನ್ (ನಿಮ್ಮ ಸೈಟಿನ ಹೆಸರು) ಅವಧಿ ಮುಗಿದಿರಬಹುದು. ಇದರಲ್ಲಿ ತಡ ಮಾಡಬೇಡಿ. ಡಾಟ್ ಕಾಮ್ ಹೆಸರಾದರೆ ಶುರುವಿನಲ್ಲಿ ಸಾಮಾನ್ಯವಾಗಿ ಮಾಮೂಲಿ ದರಕ್ಕೇ ಸಿಗುತ್ತದೆ. ಅದು ದಾಟಿದರೆ 30 ದಿನ ಬಿಡಿಸಿಕೊಳ್ಳುವ ಅವಧಿ, ಆಗ ದಂಡ ಜಾಸ್ತಿ. ಅದೂ ಮುಗಿದರೆ ಹೆಸರು ಯಾರ ಪಾಲಿಗಾದರೂ ಹೋಗಬಹುದು. ಆದರೆ ಮೇಲ್‌ನಲ್ಲಿ ಬಂದ "ಈಗಲೇ ನವೀಕರಿಸಿ" ಲಿಂಕ್ ಒತ್ತಬೇಡಿ. ಆ ವೇಷದಲ್ಲಿ ಮೋಸದ ಮೇಲ್ ಬಹಳ ಬರುತ್ತವೆ. ಡೊಮೇನ್ ಎಲ್ಲಿ ಕೊಂಡಿದ್ದೀರೋ ಆ ಸೈಟಿಗೆ ನೀವೇ ಹೋಗಿ ಲಾಗಿನ್ ಆಗಿ ಕಟ್ಟಿ.

"ನಾನು ಅವತ್ತೇ ಮೆಸೇಜ್ ಹಾಕಿದ್ದೆ, ನೀವೇ ಉತ್ತರ ಕೊಡಲಿಲ್ಲ"

ಈ ಮಾತು ಒಬ್ಬರ ಬಾಯಲ್ಲಿ ಬಂದರೂ ಸಾಕು, ಬೇರೆ ಎಲ್ಲ ಕೆಲಸ ಬಿಟ್ಟು ಇದನ್ನು ನೋಡಿ. ಬಾಯಿಬಿಟ್ಟು ಹೇಳಿದವರು ಒಬ್ಬರಾದರೆ ಸುಮ್ಮನೆ ಹೋದವರು ಎಷ್ಟೋ.

ಬೇರೆಯವರ ಮೇಲ್ ವಿಳಾಸ ಹಾಕಿ ನಿಮ್ಮದೇ ಫಾರಂ ತುಂಬಿ. ಹತ್ತು ನಿಮಿಷ ಕಾಯಿರಿ. ಇನ್‌ಬಾಕ್ಸ್‌ಗೆ ಬಂತಾ? ಬರದಿದ್ದರೆ ಸ್ಪ್ಯಾಮ್ ನೋಡಿ. ಅಲ್ಲೂ ಇಲ್ಲದಿದ್ದರೆ ಸೈಟಿನ ಡ್ಯಾಶ್‌ಬೋರ್ಡ್‌ನಲ್ಲಿ ಫಾರಂ ಉತ್ತರಗಳ ಪಟ್ಟಿ ನೋಡಿ. ಮೂರಕ್ಕೂ ಅರ್ಥ ಬೇರೆ ಬೇರೆ. ಸ್ಪ್ಯಾಮ್‌ನಲ್ಲಿ ಸಿಕ್ಕರೆ ಮೇಲ್ ಹೊರಡುತ್ತಿದೆ, ಆದರೆ ಅದರ ಮೇಲೆ ನಂಬಿಕೆ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಇದ್ದರೆ ಮೇಲ್ ಹೊರಟೇ ಇಲ್ಲ, ಇಲ್ಲವೇ ದಾರಿಯಲ್ಲೇ ತಡೆದಿದ್ದಾರೆ, ಇಲ್ಲವೇ ನಿಮ್ಮ ವಿಳಾಸದಲ್ಲಿ ಒಂದಕ್ಷರ ತಪ್ಪಿದೆ. ಎಲ್ಲೂ ಇಲ್ಲದಿದ್ದರೆ ಫಾರಂ ಕೆಟ್ಟಿರಬಹುದು.

ನನ್ನ ಸೈಟಿನಲ್ಲಿ ಆಗಿದ್ದು ಹೀಗೆ. ಫಾರಂ ತುಂಬಿದವರ ಜಿಮೇಲ್ ವಿಳಾಸವನ್ನೇ "ಕಳಿಸಿದವರು" ಜಾಗದಲ್ಲಿ ಹಾಕಿ ನನ್ನ ಸೈಟ್ ಮೇಲ್ ಕಳಿಸುತ್ತಿತ್ತು. ಅದು ಒಬ್ಬರ ಹೆಸರಲ್ಲಿ ಇನ್ನೊಬ್ಬರು ಪತ್ರ ಹಾಕಿದ ಹಾಗೆ. ಮೇಲ್ ಸೇವೆಯವರಿಗೆ ಅನುಮಾನ ಬರುತ್ತದೆ, ತಡೆಯುತ್ತಾರೆ. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿವೆ. ಕಳಿಸುವ ವಿಳಾಸ ನಿಮ್ಮ ಡೊಮೇನ್‌ನದೇ ಇರಲಿ, ಉತ್ತರ ಹೋಗುವ ವಿಳಾಸ ಮಾತ್ರ ಗಿರಾಕಿಯದಿರಲಿ. ಜೊತೆಗೆ ಡೊಮೇನ್‌ಗೆ ಎಸ್‌ಪಿಎಫ್, ಡಿಕೆಐಎಂ ದಾಖಲೆ ಸೇರಿಸಬೇಕು, ಮೇಲ್ ನಿಜವಾಗಿ ನಿಮ್ಮದೇ ಅಂತ ಅವು ತೋರಿಸುತ್ತವೆ. ಇಲ್ಲಿ ಹುಷಾರು. ಅವನ್ನು ಸೇರಿಸುವ ಡಿಎನ್‌ಎಸ್ ಪುಟದಲ್ಲಿ (ಡೊಮೇನ್‌ನ ಸೈಟ್, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಪಟ್ಟಿ) ಒಂದು ಸಾಲು ತಪ್ಪಿದರೆ ಬರುವ ಮೇಲ್ ಕೂಡ ನಿಂತುಹೋಗಬಹುದು. ಮುಟ್ಟುವ ಮೊದಲು ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಬರುವ ಮೇಲ್‌ಗೆ ದಾರಿ ತೋರಿಸುವ ಎಂಎಕ್ಸ್ ಅನ್ನುವ ಸಾಲುಗಳನ್ನು ಮುಟ್ಟಲೇಬೇಡಿ. ಗೊಂದಲ ಆದರೆ ಅಲ್ಲೇ ನಿಲ್ಲಿಸಿ, ತಿಳಿದವರನ್ನು ಕೂರಿಸಿಕೊಂಡು ಮಾಡಿ.

ಇಷ್ಟೆಲ್ಲ ಸರಿ ಮಾಡುವ ತನಕ ಒಂದು ವಾಟ್ಸ್‌ಆ್ಯಪ್ ಬಟನ್ ಹಾಕಿ. ನನ್ನ ಗಿರಾಕಿಗಳಲ್ಲಿ ಬಹಳ ಜನ ಫಾರಂ ನೋಡಿದರೆ ಹಿಂದೆ ಸರಿಯುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಸಲೀಸಾಗಿ ಬರೆಯುತ್ತಾರೆ. ಆ ಲಿಂಕ್‌ನಲ್ಲಿ ನಂಬರ್ 91ರಿಂದ ಶುರುವಾಗಬೇಕು, ಆಮೇಲೆ ಹತ್ತು ಅಂಕಿ. ಪ್ಲಸ್ ಚಿಹ್ನೆ, ಮುಂದಿನ ಸೊನ್ನೆ, ನಡುವೆ ಜಾಗ, ಗೆರೆ ಯಾವುದೂ ಇರಬಾರದು. ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಂಡರೆ ಒಳ್ಳೆಯದು. ಮನೆ ವಿಳಾಸ ಸೈಟಿನಲ್ಲಿ ಹಾಕಬೇಡಿ, ಊರ ಹೆಸರು ಸಾಕು.

ತೆರೆಯುತ್ತದೆ, ಆದರೆ ಸುತ್ತುತ್ತಲೇ ಇರುತ್ತದೆ

ಚಿತ್ರ ಭಾರ ಆಗಿರುವುದೇ ಇದಕ್ಕೆ ಮುಖ್ಯ ಕಾರಣ. ಫೋನ್‌ನಲ್ಲಿ ತೆಗೆದ ಒಂದು ಫೋಟೋ ಸುಲಭವಾಗಿ 4–5 ಎಂಬಿ ಇರುತ್ತದೆ. ಅಂಥ ಇಪ್ಪತ್ತು ಹಾಕಿದರೆ ಒಂದೇ ಪುಟಕ್ಕೆ ಗಿರಾಕಿಯ 80–100 ಎಂಬಿ ಡೇಟಾ ಹೋಯಿತು. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ಒಂದೊಂದು ಚಿತ್ರ 300 ಕೆಬಿ ಒಳಗೆ ತನ್ನಿ. ಸ್ಕ್ವೂಶ್ ಅನ್ನುವ ಉಚಿತ ಉಪಕರಣ ಬ್ರೌಸರ್‌ನಲ್ಲೇ ನಡೆಯುತ್ತದೆ, ವೆಬ್‌ಪಿ ಅನ್ನುವ ಹಗುರವಾದ ಚಿತ್ರ ರೂಪಕ್ಕೆ ಬದಲಿಸಿಕೊಡುತ್ತದೆ. ನಕಲಿನ ಮೇಲೆ ಮಾತ್ರ ಕೆಲಸ ಮಾಡಿ, ಮೂಲ ಫೈಲ್ ಹಾಗೇ ಇರಲಿ. ಆಮೇಲೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಚೆನ್ನಾಗಿದೆ ಅಂತ ಲೆಕ್ಕ.

ಇದಕ್ಕೆ ಉಲ್ಟಾ, ಚಿತ್ರ ಬೇಗ ಬಂದರೂ ಮಸುಕಾಗಿದ್ದರೆ, ಅದು ವಾಟ್ಸ್‌ಆ್ಯಪ್‌ನಲ್ಲಿ ಹಾದು ಬಂದ ಫೋಟೋ ಇರಬೇಕು. ಮುದ್ರಣದವರ ಹತ್ತಿರ ಫೋಟೋ ಕೇಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕನ್ನಡ ಅಕ್ಷರ ಒಡೆದು ಕಾಣುತ್ತಿದೆ

ಇದು ನನಗೆ ಬಹಳ ಮುಖ್ಯ. ಕನ್ನಡದಲ್ಲಿ ಕೆಲಸ ಮಾಡಿಕೊಡ್ತೀನಿ ಅಂತ ಬರೆದುಕೊಂಡು, ಅದೇ ಪುಟದಲ್ಲಿ ಒತ್ತಕ್ಷರ ಬಿದ್ದುಹೋಗಿದ್ದರೆ ಗಿರಾಕಿ ಅಲ್ಲಿಂದಲೇ ವಾಪಸ್ ಹೋಗುತ್ತಾರೆ.

ಮೂರು ಬಗೆಯಲ್ಲಿ ಕಾಣಬಹುದು. ಒಂದು, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ (ಎಲ್ಲ ಫೋನ್, ಕಂಪ್ಯೂಟರ್ ಓದುವ ಅಕ್ಷರ ಪದ್ಧತಿ) ಮಾಡಿ. ಮಾಡಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವತ್ತು ಮತ್ತು ಅಂಕಿಗಳಲ್ಲಿ ತಪ್ಪು ಉಳಿಯುವುದುಂಟು.

ಎರಡು, ಅಕ್ಷರದ ಬದಲು ಚೌಕಗಳು. ನೀವು ಆರಿಸಿದ ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದನ್ನು ಸೇರಿಸಿದರೆ ಆಯಿತು.

ಮೂರನೆಯದು ಚಿತ್ರದೊಳಗಿನ ತಪ್ಪು, ಇದನ್ನು ಕಣ್ಣಿಟ್ಟು ನೋಡಬೇಕು. ಬೆಲ್ಲದ ಪ್ಯಾಕೆಟ್ ಒಂದರ ಡಿಸೈನ್ ನನ್ನ ಕೈಗೆ ಬಂತು. "ಅಪ್ಪಟ ಬೆಲ್ಲ" ಅಂತ ಇರಬೇಕಾದ ಕಡೆ "ಅಪ್‌ಪಟ ಬೆಲ್‌ಲ" ಅಂತ ಇತ್ತು. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿತ್ತು. ಮಾಡಿದವರಿಗೆ ಕನ್ನಡ ಬರುತ್ತಿತ್ತು, ಆದರೆ ಲೋಗೋದ ಮೇಲೇ ಕಣ್ಣಿದ್ದು ಇದು ಕಂಡಿರಲಿಲ್ಲ. ಫಾಂಟ್ ಸರಿ ಇತ್ತು, ತಂತ್ರಾಂಶದ ಸೆಟ್ಟಿಂಗ್ ಸರಿ ಇರಲಿಲ್ಲ. ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಆದ್ಯತೆಗಳಿಗೆ ಹೋಗಿ ಇಂಡಿಕ್ ಆಯ್ಕೆಗಳನ್ನು ಚಾಲೂ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆರಿಸಿ. ಫೋಟೋಶಾಪ್‌ನಲ್ಲಿ ವರ್ಲ್ಡ್ ರೆಡಿ ಅನ್ನುವ ಲೇಔಟ್ ಬೇಕು. ಹಳೇ ಕೆಲಸಗಳ ಚಿತ್ರವನ್ನೂ ಒಂದೊಂದಾಗಿ ದೊಡ್ಡದು ಮಾಡಿ ಓದಿ. ತಪ್ಪಿರುವುದು ಮುದ್ರಣಕ್ಕೂ ಹೋಗಿದ್ದರೆ ಆ ಗಿರಾಕಿಗೆ ನೀವೇ ಫೋನ್ ಮಾಡಿ ಹೇಳಿ, ಸರಿ ಮಾಡಿಕೊಡಿ.

ನೋಡುವವರಿದ್ದಾರೆ, ಕೇಳುವವರಿಲ್ಲ

ಮೊದಲು ನೋಡುವವರು ನಿಜವಾಗಿ ಇದ್ದಾರಾ ಅಂತ ಖಚಿತ ಮಾಡಿಕೊಳ್ಳಿ. ಸೈಟಿಗೆ ಎಷ್ಟು ಜನ ಬಂದರು ಅಂತ ಎಣಿಸುವ ಅನಾಲಿಟಿಕ್ಸ್‌ನ ಲೆಕ್ಕದಲ್ಲಿ ನೀವೇ ದಿನಕ್ಕೆ ಹತ್ತು ಸಲ ನೋಡಿದ್ದೂ ಸೇರಿರಬಹುದು. ಅದನ್ನು ಕಳೆದರೆ ಉಳಿಯುವುದು ಸೊನ್ನೆ ಅಂದ್ರೆ ಸೈಟಿನ ತಪ್ಪಲ್ಲ, ನೀವು ಯಾರಿಗೂ ಕಳಿಸಿಲ್ಲ. ನಿಮ್ಮ ಕೆಲಸ ಬೇಕಾಗಬಹುದಾದ ಹತ್ತು ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಎರಡು ಸಾಲು ಬರೆದು ಲಿಂಕ್ ಕಳಿಸಿ. ಕಳಿಸಿದಾಗ ಬರೀ ವಿಳಾಸ ಕಂಡು ಚಿತ್ರ, ಹೆಸರು ಕಾಣದಿದ್ದರೆ ಸೈಟಿನ ಸೆಟ್ಟಿಂಗ್‌ನಲ್ಲಿ ಹಂಚುವಾಗಿನ ಚಿತ್ರ ಹಾಕಬೇಕು. 1200ಕ್ಕೆ 630 ಪಿಕ್ಸೆಲ್ ಅಳತೆ ಸಾಕು.

ಜನ ಬರುತ್ತಿದ್ದರೆ ಎಲ್ಲಿಂದ ವಾಪಸ್ ಹೋಗುತ್ತಾರೆ ನೋಡಿ.

ಮೊದಲ ಪುಟದಿಂದಲೇ ಹೋಗುತ್ತಿದ್ದರೆ ಮೊದಲ ಸಾಲು ಏನೂ ಹೇಳುತ್ತಿಲ್ಲ. ನನ್ನ ಸೈಟಿನ ಮೊದಲ ಸಾಲು "ಸೃಜನಶೀಲತೆಯೇ ನನ್ನ ಉಸಿರು" ಅಂತಿತ್ತು. ಎಣ್ಣೆ ಗಾಣದವರಿಗೆ ಅದರಿಂದ ಏನು ಗೊತ್ತಾಗಬೇಕು? ಈಗ ಹೀಗಿದೆ: "ಮಸಾಲೆ, ಎಣ್ಣೆ, ತಿಂಡಿ ಮಾರುವ ಸಣ್ಣ ಉದ್ಯಮಗಳಿಗೆ ಕನ್ನಡ ಮತ್ತು ಇಂಗ್ಲಿಷ್ ಲೇಬಲ್ ಮಾಡಿಕೊಡುತ್ತೇನೆ. ಮುದ್ರಣದವರ ಜೊತೆ ಮಾತುಕತೆಯೂ ನನ್ನದೇ." ಎರಡನೇ ವಾಕ್ಯ ಓದಿಯೇ ಫೋನ್ ಮಾಡಿದೆ ಅಂತ ಮೂರು ಜನ ಹೇಳಿದ್ದಾರೆ. ಅವರ ನಿಜವಾದ ತಲೆನೋವು ಅದೇ ಆಗಿತ್ತು.

ನಾಲ್ಕೈದು ಕೆಲಸ ನೋಡಿ ಆಮೇಲೆ ಹೋಗುತ್ತಿದ್ದರೆ, ಚಿತ್ರ ಇದೆ, ಕಥೆ ಇಲ್ಲ. "ಎಣ್ಣೆ ಬಾಟಲಿ ಲೇಬಲ್, 2023" ಅಂತ ಬರೆದರೆ ಅದು ಬರೀ ಚಿತ್ರ. ಅದೇ ಕೆಲಸವನ್ನು ನಾನು ಈಗ ಹೀಗೆ ಬರೆದಿದ್ದೇನೆ: "ಇವರ ಶೇಂಗಾ ಎಣ್ಣೆಗೂ ಕುಸುಬೆ ಎಣ್ಣೆಗೂ ಒಂದೇ ಹಳದಿ ಲೇಬಲ್ ಇತ್ತು. ಹೆಸರು ಕೆಳಗೆ ಸಣ್ಣದಾಗಿ. ಅಂಗಡಿಯಲ್ಲಿ ಒಂದು ಕೇಳಿದರೆ ಇನ್ನೊಂದು ಕೊಡುತ್ತಿದ್ದರು, ಬಾಟಲಿ ವಾಪಸ್ ಬರುತ್ತಿತ್ತು. ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಮೇಲೆ ತಂದೆವು. ಬಾಟಲಿ ಕತ್ತಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಕೊಟ್ಟೆವು. ದೂರದಿಂದಲೇ ಯಾವುದು ಯಾವುದು ಅಂತ ಗೊತ್ತಾಗುತ್ತದೆ." ಪಕ್ಕದಲ್ಲಿ ಅಂಗಡಿಯ ಕಪಾಟಿನ ಫೋಟೋ ಇದೆ, ನಾನೇ ಫೋನ್‌ನಲ್ಲಿ ತೆಗೆದದ್ದು. ಬೆಳಕು ಅಷ್ಟಕ್ಕಷ್ಟೇ. ಆದರೂ ಕಂಪ್ಯೂಟರಿನಲ್ಲಿ ಮಾಡಿದ ಹೊಳೆಯುವ ಮಾಕಪ್‌ಗಿಂತ ಜನ ಅದನ್ನೇ ನೆನಪಿಟ್ಟು ಹೇಳುತ್ತಾರೆ. ನಿಜವಾಗಿ ಮುದ್ರಣವಾಗಿ ಮಾರಾಟಕ್ಕೆ ಹೋದದ್ದು ಅಂತ ಅದರಲ್ಲಿ ಕಾಣುತ್ತದೆ.

ಮಾರಾಟ ಇಷ್ಟು ಪಟ್ಟು ಹೆಚ್ಚಿತು ಅಂತೆಲ್ಲ ಬರೆಯಬೇಡಿ, ಗಿರಾಕಿ ಲೆಕ್ಕ ಕೊಟ್ಟು ಒಪ್ಪಿದ್ದರೆ ಬೇರೆ ಮಾತು. ನಲವತ್ತು ಕೆಲಸವೂ ಬೇಡ. ಇಂಥ ಐದೋ ಆರೋ ಸಾಕು. ಇನ್ನೂ ಗಿರಾಕಿಗಳೇ ಇಲ್ಲದವರು ನಿಮ್ಮ ಬೀದಿಯ ಬೇಕರಿಗೋ ಹಿಟ್ಟಿನ ಗಿರಣಿಗೋ ಒಂದು ಡಿಸೈನ್ ಯೋಚಿಸಿ ಮಾಡಿ, "ಅಭ್ಯಾಸಕ್ಕೆ ಮಾಡಿದ್ದು" ಅಂತ ಸ್ಪಷ್ಟವಾಗಿ ಬರೆಯಿರಿ. ದೊಡ್ಡ ಕಂಪನಿಯ ಲೋಗೋ ಹಾಕಿ ಅವರು ನಿಮ್ಮ ಗಿರಾಕಿ ಅನ್ನುವ ಹಾಗೆ ತೋರಿಸಿದರೆ ಮೊದಲ ಫೋನ್‌ನಲ್ಲೇ ಗೊತ್ತಾಗಿಬಿಡುತ್ತದೆ. ಇನ್ನೊಂದು ಎಚ್ಚರ: ಮಾರುಕಟ್ಟೆಗೆ ಬಾರದ ಉತ್ಪನ್ನದ ಚಿತ್ರ ಹಾಕಬೇಡಿ. ಕೆಲಸ ಒಪ್ಪಿಕೊಳ್ಳುವಾಗಲೇ "ಇದನ್ನು ಸೈಟಿನಲ್ಲಿ ತೋರಿಸಬಹುದಾ?" ಅಂತ ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನ ಒಂದು "ಆಯ್ತು" ಇದ್ದರೂ ನಡೆಯುತ್ತದೆ, ಬಾಯಿಮಾತು ಬೇಡ.

ಸಂಪರ್ಕದ ಪುಟದ ತನಕ ಬಂದು ಹೋಗುತ್ತಿದ್ದರೆ ಫಾರಂ ಉದ್ದವಾಯಿತು. ಹೆಸರು, ಫೋನ್, ಏನು ಬೇಕು. ಮೂರೇ ಸಾಕು.

ಕರೆ ಬರುತ್ತದೆ, ಬೇಡದ ಕೆಲಸಕ್ಕೆ

ಬ್ಯಾನರ್ ಮಾಡಿಕೊಡಿ, ಮದುವೆ ಕಾರ್ಡ್ ಮಾಡಿಕೊಡಿ, ಇನ್ನೂರು ರೂಪಾಯಿ ಕೊಡ್ತೀನಿ. ಹೀಗೆ ಬರುತ್ತಿದ್ದರೆ ನಿಮ್ಮ ಸೈಟಿನಲ್ಲಿ ಬ್ಯಾನರ್, ಮದುವೆ ಕಾರ್ಡ್ ಇವೆ ಅಂತಲೇ ಅರ್ಥ. ಜನ ಕಂಡದ್ದನ್ನೇ ಕೇಳುತ್ತಾರೆ ಅಲ್ವಾ? ಮುಂದೆ ಮಾಡಲು ಇಷ್ಟವಿಲ್ಲದ ಕೆಲಸವನ್ನು ತೆಗೆದುಬಿಡಿ, ಎಷ್ಟೇ ಚೆಂದ ಇದ್ದರೂ ಸರಿ. ಒಂದು ಲೇಬಲ್‌ಗೆ ಎಷ್ಟರಿಂದ ಶುರು, ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಸಲ ತಿದ್ದಿಕೊಡುತ್ತೀರಿ, ಮುಂಗಡ ಎಷ್ಟು, ಇಷ್ಟನ್ನು ಬರೆಯಿರಿ. ದರ ಹಾಕಿದರೆ ಗಿರಾಕಿ ಓಡಿಹೋಗ್ತಾರೆ ಅನ್ನುವ ಹೆದರಿಕೆ ನನಗೂ ಇತ್ತು. ಹಾಕಿದ ಮೇಲೆ ಕರೆಗಳು ಕಡಿಮೆಯಾದವು ನಿಜ, ಆದರೆ ಬಂದ ಕರೆಗಳಲ್ಲಿ ಕೆಲಸವಾಗುವವು ಜಾಸ್ತಿಯಾದವು.

ಗೂಗಲ್‌ನಲ್ಲಿ ಹುಡುಕಿದರೆ ನಾನಿಲ್ಲ

ಇದನ್ನು ತಡವಾಗಿ ಇಟ್ಟಿದ್ದೇನೆ, ಯಾಕೆಂದರೆ ಶುರುವಿನ ಗಿರಾಕಿಗಳು ನೀವು ಕಳಿಸಿದ ಲಿಂಕ್‌ನಿಂದಲೇ ಬರುತ್ತಾರೆ.

ಗೂಗಲ್ ಹುಡುಕಾಟದಲ್ಲಿ ಸೈಟ್ (site) ಅನ್ನುವ ಇಂಗ್ಲಿಷ್ ಪದ, ಕೋಲನ್ (:), ಆಮೇಲೆ ಜಾಗ ಬಿಡದೆ ನಿಮ್ಮ ವಿಳಾಸ ಟೈಪ್ ಮಾಡಿ. ಪುಟಗಳು ಕಂಡರೆ ಗೂಗಲ್‌ಗೆ ನಿಮ್ಮ ಸೈಟ್ ಗೊತ್ತಿದೆ, ಬರವಣಿಗೆ ಸುಧಾರಿಸಬೇಕು. ಪುಟದ ಶೀರ್ಷಿಕೆ ಬರೀ "ಹೋಮ್" ಅಂತ ಇದ್ದರೆ ಬದಲಾಯಿಸಿ, ಕೆಲಸ ಮತ್ತು ಊರು ಬರಲಿ. ಮಾತೆಲ್ಲ ಚಿತ್ರದೊಳಗೇ ಇದ್ದರೆ ಅದನ್ನು ಪಠ್ಯವಾಗಿಯೂ ಬರೆಯಿರಿ.

ಏನೂ ಕಾಣದಿದ್ದರೆ, ಹೊಸ ಸೈಟ್ ಆದರೆ ಕೆಲವು ವಾರ ಹಿಡಿಯಬಹುದು. ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಆದರೆ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ, ಹುಡುಕಾಟ ಯಂತ್ರಗಳು ಬರದಿರಲಿ ಅನ್ನುವ ಟಿಕ್ ಉಳಿದಿದೆಯಾ ನೋಡಿ. ಸೈಟ್ ಕಟ್ಟುವಾಗ ಹಾಕಿ ಆಮೇಲೆ ತೆಗೆಯಲು ಮರೆತಿರುತ್ತೇವೆ. ಅದೂ ಅಲ್ಲದಿದ್ದರೆ ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅಲ್ಲಿ ಪುಟದ ವಿಳಾಸ ಹಾಕಿದರೆ ಯಾಕೆ ಸೇರಿಲ್ಲ ಅಂತ ಕಾರಣ ಹೇಳುತ್ತದೆ, ಸೇರಿಸಿಕೊಳ್ಳಿ ಅಂತ ಕೋರಿಕೆಯನ್ನೂ ಕೊಡಬಹುದು.

ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸ್ತೀವಿ ಅಂತ ಫೋನ್ ಬಂದರೆ ಇಟ್ಟುಬಿಡಿ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಹೇಳಿದೆ.

ಎನ್‌ಕ್ವೈರಿ ಬಂದಿದೆ, ಆದರೆ ಏನೋ ಸರಿ ಇಲ್ಲ

ನಂಬರ್ ಸೈಟಿನಲ್ಲಿ ಇದ್ದ ಮೇಲೆ ಮೋಸಗಾರರೂ ಬರುತ್ತಾರೆ. ಕೆಲಸ ಕೊಡುವ ಮೊದಲು ನೋಂದಣಿ ಶುಲ್ಕ ಕೇಳಿದರೆ ಅಲ್ಲಿಗೇ ಮುಗಿಸಿ. ಕೆಲಸದ ವಿವರ ಅಂತ ಬಂದ ಜಿಪ್ ಫೈಲ್‌ನೊಳಗೆ ಇಎಕ್ಸ್ಇ (ಕಂಪ್ಯೂಟರಿನಲ್ಲಿ ಪ್ರೋಗ್ರಾಂ ನಡೆಸುವ ಫೈಲ್) ಇದ್ದರೆ, ಫೋನ್‌ಗೆ ಎಪಿಕೆ (ಆ್ಯಪ್ ಹಾಕುವ ಫೈಲ್) ಕಳಿಸಿದರೆ ತೆರೆಯಲೇಬೇಡಿ. ವಿವರವನ್ನು ಪಿಡಿಎಫ್‌ನಲ್ಲೋ ಸಾದಾ ಮೆಸೇಜ್‌ನಲ್ಲೋ ಕೇಳಿ. "ಮುಂಗಡ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಅದು ನಿಮ್ಮ ದುಡ್ಡು ಎಳೆಯುವ ದಾರಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. "ತಪ್ಪಿ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ" ಅಂದರೆ ಮೆಸೇಜ್ ನಂಬಬೇಡಿ, ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ನನ್ನ ಸೈಟಿನಲ್ಲಿ ನಾನು ಹಾಕದ ಪುಟಗಳಿವೆ

ಗೂಗಲ್‌ನಲ್ಲಿ ನಿಮ್ಮ ವಿಳಾಸದ ಕೆಳಗೆ ಜಪಾನಿ ಅಕ್ಷರದ ಪುಟಗಳು, ಮಾತ್ರೆ ಮಾರುವ ಪುಟಗಳು ಕಾಣುತ್ತವೆ. ಇಲ್ಲವೇ ಫೋನ್‌ನಲ್ಲಿ ತೆರೆದರೆ ಜೂಜಿನ ಸೈಟಿಗೆ ಹೋಗುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇರುತ್ತದೆ. ಇಲ್ಲವೇ ಕ್ರೋಮ್ ಪೂರ್ತಿ ಕೆಂಪು ಪುಟ ತೋರಿಸುತ್ತದೆ. ಯಾರೋ ಒಳಗೆ ನುಗ್ಗಿದ್ದಾರೆ.

ಕಂಡ ಪುಟಗಳನ್ನು ಅಳಿಸಿ ಸುಮ್ಮನಾಗಬೇಡಿ, ಬಂದ ಬಾಗಿಲು ಇನ್ನೂ ತೆರೆದಿರುತ್ತದೆ. ಲಿಂಕ್ ಹಂಚುವುದನ್ನು ಅವತ್ತೇ ನಿಲ್ಲಿಸಿ. ಹೋಸ್ಟಿಂಗ್, ಡೊಮೇನ್, ಮೇಲ್ ಮೂರರ ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ಲಾಗಿನ್ ಹಾಕಿ. ಆಮೇಲೆ ಹೋಸ್ಟಿಂಗ್‌ನವರಿಗೆ ತಿಳಿಸಿ, ಇಂಥ ಕೆಲಸ ಬಲ್ಲವರೊಬ್ಬರನ್ನು ದುಡ್ಡು ಕೊಟ್ಟಾದರೂ ಕರೆಯಿರಿ. ವರ್ಡ್‌ಪ್ರೆಸ್‌ನ ಕೋಡ್ ಒಳಗೆ ಹುಡುಕುವ ಸಾಹಸ ನಾನೂ ಮಾಡುವುದಿಲ್ಲ. ಸರಿಯಾದ ಮೇಲೆ ಸರ್ಚ್ ಕನ್ಸೋಲ್‌ನ ಭದ್ರತೆ ಭಾಗದಲ್ಲಿ ಎಚ್ಚರಿಕೆ ಇದ್ದರೆ ಮರುಪರಿಶೀಲನೆ ಕೇಳಿ.

ಕರೆಸಿಕೊಂಡವರು ಮೊದಲು ಕೇಳುವುದು "ಹಳೇ ಬ್ಯಾಕಪ್ ಇದೆಯಾ?" ಅಂತ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಇಡೀ ಸೈಟಿನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಇಳಿಸಿ, ಮೇಲೆ ತಾರೀಕಿನ ಚೀಟಿ ಅಂಟಿಸಿ, ಮೇಜಿನ ಡ್ರಾಯರ್‌ನಲ್ಲಿ ಇಡುತ್ತೇನೆ. ಅದೇ ದಿನ ಅಕ್ಕನ ಫೋನ್ ಇಸಕೊಂಡು ನನ್ನದೇ ಫಾರಂ ಒಂದು ಸಲ ತುಂಬುತ್ತೇನೆ.